ಸ್ವಿಚ್ ಇರುವ ಪವರ್ಡ್ ಯುಎಸ್‌ಬಿ ಹಬ್: ಆಯ್ಕೆ, ಜೋಡಣೆ ಮತ್ತು ಬಳಕೆಯ ಕ್ರಮ

ಸಿಂಧನೂರು, ಗಂಗಾವತಿ, ಸಿರುಗುಪ್ಪದಂತಹ ಊರುಗಳ ಆನ್‌ಲೈನ್ ಸೆಂಟರ್‌ಗಳಲ್ಲಿ ಒಂದೇ ಕಂಪ್ಯೂಟರಿಗೆ ಬೆರಳಚ್ಚು ಯಂತ್ರ, ಕಣ್ಣಿನ ಪಾಪೆಯ ಸ್ಕ್ಯಾನರ್, ವೆಬ್‌ಕ್ಯಾಮ್, ಪ್ರಿಂಟರ್, ದಾಖಲೆ ಸ್ಕ್ಯಾನರ್, ಕೀಬೋರ್ಡ್, ಮೌಸ್ ಎಲ್ಲವೂ ಜೋಡಣೆಯಾಗಬೇಕಾಗುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳು, ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗಳು, ಕಾರಟಗಿಯ ಅಕ್ಕಿ ಗಿರಣಿಗಳು ಮುಂತಾದವುಗಳ ಲೆಕ್ಕಪತ್ರ ನೋಡಿಕೊಳ್ಳುವ ತೆರಿಗೆ ಸಲಹೆಗಾರರ ಮೇಜಿನ ಮೇಲೆ ಇವುಗಳ ಜೊತೆಗೆ ಹಲವು ಗ್ರಾಹಕರ ಡಿಜಿಟಲ್ ಸಹಿ ಟೋಕನ್‌ಗಳೂ (ಸಹಿಯ ಖಾಸಗಿ ಕೀಲಿ ಇರುವ, ಪೆನ್ ಡ್ರೈವ್‌ನಂತಹ ಸಾಧನಗಳು) ಇರುತ್ತವೆ. ಕಂಪ್ಯೂಟರಿನ ಪೋರ್ಟ್‌ಗಳು (ಸಾಧನಗಳನ್ನು ಸಿಕ್ಕಿಸುವ ಕಿಂಡಿಗಳು) ಸಾಲದೆ ಬಂದಾಗ ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚುವುದು, ಬೆರಳಚ್ಚು ಯಂತ್ರ ಸ್ಪಂದಿಸದಿದ್ದಾಗ ಅದನ್ನೂ ಕಿತ್ತು ಚುಚ್ಚುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಸಾಮಾನ್ಯ ಆಯತಾಕಾರದ ಯುಎಸ್‌ಬಿ ಟೈಪ್-ಎ ಕನೆಕ್ಟರ್ ಕನಿಷ್ಠ 1,500 ಬಾರಿಯ ಜೋಡಣೆಯನ್ನು ತಾಳಿಕೊಳ್ಳಬೇಕೆಂಬುದು ಅದರ ಮಾನದಂಡ. ದಿನಕ್ಕೆ ಹತ್ತು ಬಾರಿ ಕಿತ್ತು ಚುಚ್ಚಿದರೆ ಆ ಲೆಕ್ಕ ಐದು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಪೋರ್ಟ್ ಸಡಿಲಾಗುವುದು, ಮುಟ್ಟಿದರೆ ಸಂಪರ್ಕ ತಪ್ಪುವುದು ಶುರುವಾದರೆ ಅಚ್ಚರಿಪಡಬೇಕಾಗಿಲ್ಲ.

ಸ್ವಂತ ಅಡಾಪ್ಟರ್‌ನಿಂದ ವಿದ್ಯುತ್ ಪಡೆಯುವ, ಪ್ರತಿ ಪೋರ್ಟ್‌ಗೂ ಪ್ರತ್ಯೇಕ ಸ್ವಿಚ್ ಇರುವ ಯುಎಸ್‌ಬಿ ಹಬ್ (ಕಂಪ್ಯೂಟರಿನ ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಈ ಕಿರಿಕಿರಿಗೆ ಸರಿಯಾದ ಪರಿಹಾರ. ಆದರೆ ಅದನ್ನು ತಂದು ಸಿಕ್ಕ ಪ್ಲಗ್‌ಗೆ ಹಾಕಿ ಬಳಸತೊಡಗಿದರೆ, ವಿದ್ಯುತ್ ಆಗಾಗ ಬಂದು ಹೋಗುವ ನಮ್ಮ ಭಾಗದಲ್ಲಿ, ಹೊಸ ತೊಂದರೆಗಳನ್ನು ಕೈಯಾರೆ ತಂದುಕೊಂಡಂತಾಗುತ್ತದೆ. ಹಬ್‌ನ ಅಡಾಪ್ಟರನ್ನು ಎಲ್ಲಿಗೆ ಜೋಡಿಸುತ್ತೀರಿ, ಸ್ವಿಚ್ಚನ್ನು ಯಾವ ಕ್ಷಣದಲ್ಲಿ ಒತ್ತುತ್ತೀರಿ ಎಂಬ ಎರಡು ವಿಷಯಗಳಿಗೆ ಈ ಲೇಖನದಲ್ಲಿ ಹೆಚ್ಚಿನ ಜಾಗ ಕೊಟ್ಟಿರುವುದು ಅದಕ್ಕಾಗಿಯೇ.

ಸ್ವಿಚ್ ಮಾಡುವ ಕೆಲಸ

ಬಹುಪಾಲು ಹಬ್‌ಗಳಲ್ಲಿ ಪೋರ್ಟ್‌ನ ಪಕ್ಕದ ಗುಂಡಿ ಆ ಪೋರ್ಟ್‌ಗೆ ಹೋಗುವ 5 ವೋಲ್ಟ್ ವಿದ್ಯುತ್ತನ್ನು ಕಡಿಯುತ್ತದೆ, ಅಷ್ಟೇ. ಸಾಧನದೊಳಗೆ ಅರ್ಧ ಬರೆದ ಫೈಲ್ ಇದೆಯೇ, ಸಹಿ ಹಾಕುವ ಕ್ರಿಯೆ ನಡೆಯುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ಕಂಪ್ಯೂಟರಿನ ದೃಷ್ಟಿಯಲ್ಲಿ ಗುಂಡಿ ಒತ್ತುವುದಕ್ಕೂ ಸಾಧನವನ್ನು ಥಟ್ಟನೆ ಕೀಳುವುದಕ್ಕೂ ವ್ಯತ್ಯಾಸವಿಲ್ಲ. ಇದರ ತದ್ವಿರುದ್ಧವಾದ ತಪ್ಪು ತಿಳಿವಳಿಕೆಯೂ ಇದೆ: ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಒಂದು ಸಾಧನವನ್ನು ಡಿಸೇಬಲ್ ಮಾಡಿದರೆ ಅದಕ್ಕೆ ವಿದ್ಯುತ್ ನಿಲ್ಲುತ್ತದೆಂದು ಹಲವರು ನಂಬಿದ್ದಾರೆ. ಅಲ್ಲಿ ನಿಲ್ಲುವುದು ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಮಾತ್ರ, ಪೋರ್ಟ್‌ನ 5 ವೋಲ್ಟ್ ಹಾಗೆಯೇ ಇರುತ್ತದೆ. ಸಿಕ್ಕಿಕೊಂಡ ಸಾಧನವನ್ನು ನಿಜವಾಗಿ ಹೊಸದಾಗಿ ಆರಂಭಿಸಬೇಕೆಂದರೆ ವಿದ್ಯುತ್ತನ್ನೇ ಕಡಿಯಬೇಕು.

ಗುಂಡಿಗಳಲ್ಲಿ ಎರಡು ಬಗೆ. ಒತ್ತಿದಾಗ ಕಟ್ಟೆಂದು ಒಳಗೆ ಕೂರುವ ಯಾಂತ್ರಿಕ ಗುಂಡಿ ಕರೆಂಟ್ ಹೋಗಿ ಬಂದರೂ ತನ್ನ ಸ್ಥಿತಿಯಲ್ಲೇ ಇರುತ್ತದೆ. ಮೃದುವಾಗಿ ಮುಟ್ಟಿದರೆ ಸಾಕಾಗುವ ಎಲೆಕ್ಟ್ರಾನಿಕ್ ಗುಂಡಿಯ ಹಬ್‌ಗಳಲ್ಲಿ ಕೆಲವು ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತವೆ, ಕೆಲವು ಎಲ್ಲ ಪೋರ್ಟ್‌ಗಳನ್ನೂ ಚಾಲೂ ಮಾಡಿಬಿಡುತ್ತವೆ, ಇನ್ನು ಕೆಲವು ಎಲ್ಲವನ್ನೂ ಬಂದ್ ಮಾಡುತ್ತವೆ. ನಮ್ಮ ಕಡೆಯವರಿಗೆ ಯಾಂತ್ರಿಕ ಗುಂಡಿಯ ಹಬ್ಬೇ ಹೆಚ್ಚು ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವ ಮೊದಲು ಲೆಕ್ಕ ಹಾಕಿ

ಯುಎಸ್‌ಬಿ 2.0 ಪೋರ್ಟ್ ಒಂದು ಸಾಧನಕ್ಕೆ 500 ಮಿಲಿ ಆಂಪಿಯರ್‌ವರೆಗೆ, ಒಳಬದಿ ಸಾಮಾನ್ಯವಾಗಿ ನೀಲಿ ಬಣ್ಣವಿರುವ ಯುಎಸ್‌ಬಿ 3.0 ಪೋರ್ಟ್ 900 ಮಿಲಿ ಆಂಪಿಯರ್‌ವರೆಗೆ ಕೊಡಬೇಕೆಂಬುದು ಮಾನದಂಡ. ಅಡಾಪ್ಟರ್ ಇಲ್ಲದ ಸಾದಾ ಹಬ್ ತಾನು ಕಂಪ್ಯೂಟರಿನಿಂದ ಪಡೆದ ಇಷ್ಟನ್ನೇ ಎಲ್ಲ ಪೋರ್ಟ್‌ಗಳಿಗೂ ಹಂಚಬೇಕಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಎಲ್ಲ ತೂಬುಗಳನ್ನು ಒಮ್ಮೆಗೇ ತೆರೆದರೆ ಕೊನೆಯ ಹೊಲಕ್ಕೆ ನೀರು ತಲುಪದಿರುವಂತೆ, ಇಲ್ಲಿಯೂ ಹೊರೆ ಹೆಚ್ಚಿದಾಗ ವೋಲ್ಟೇಜ್ ಕುಸಿದು, ತುಸು ಕಡಿಮೆಯಾದರೂ ತಾಳಿಕೊಳ್ಳದ ಸಾಧನ ಮೊದಲು ಸಂಪರ್ಕ ಕಳೆದುಕೊಳ್ಳುತ್ತದೆ.

ನಿಮ್ಮ ಸಾಧನಗಳ ಪಟ್ಟಿ ಬರೆದು, ಪ್ರತಿಯೊಂದರ ಮೇಲೆ ಅಚ್ಚಾಗಿರುವ ಮಿಲಿ ಆಂಪಿಯರ್ ಸಂಖ್ಯೆಯನ್ನು ಕೂಡಿಸಿ. ಸಂಖ್ಯೆ ಕಾಣದಿದ್ದರೆ ಗರಿಷ್ಠ ಮಿತಿಯನ್ನೇ ಹಿಡಿಯಿರಿ. ಬೆರಳಚ್ಚು ಯಂತ್ರ, ಪಾಪೆಯ ಸ್ಕ್ಯಾನರ್, ವೆಬ್‌ಕ್ಯಾಮ್ ಮತ್ತು ಯುಎಸ್‌ಬಿಯಿಂದಲೇ ನಡೆಯುವ ದಾಖಲೆ ಸ್ಕ್ಯಾನರ್‌ಗೆ ತಲಾ 500, ಚಿಕ್ಕ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗೆ 900, ಕೀಬೋರ್ಡ್ ಮತ್ತು ಮೌಸ್‌ಗೆ ಒಟ್ಟು 200 ಎಂದು ಹಿಡಿದರೆ 3,100 ಮಿಲಿ ಆಂಪಿಯರ್, ಅಂದರೆ 3.1 ಆಂಪಿಯರ್ ಆಗುತ್ತದೆ. ಪ್ರಿಂಟರ್‌ಗೆ ಸ್ವಂತ ಕರೆಂಟ್ ಇರುವುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. 5 ವೋಲ್ಟ್, 4 ಆಂಪಿಯರ್ ಅಡಾಪ್ಟರ್ ಇರುವ ಹಬ್ ಇಷ್ಟನ್ನು ನಿರಾಳವಾಗಿ ಹೊರುತ್ತದೆ. ಆದರೆ ಖಾಲಿ ಪೋರ್ಟ್ ಕಂಡು ಗ್ರಾಹಕರೊಬ್ಬರು ಚಾರ್ಜಿಗೆಂದು ಮೊಬೈಲ್ ಸಿಕ್ಕಿಸಿದರೆ, ಅದು 1.5 ಆಂಪಿಯರ್‌ವರೆಗೂ ಎಳೆಯಬಹುದಾದ್ದರಿಂದ, ಲೆಕ್ಕ 4.6ಕ್ಕೆ ಏರಿ ಮಿತಿ ಮೀರುತ್ತದೆ. ಮೊಬೈಲ್ ಚಾರ್ಜಿಗೆ ಗೋಡೆಯ ಚಾರ್ಜರ್ ಬೇರೆಯಾಗಿಯೇ ಇರಲಿ.

ಕೆಲವು ಹಬ್‌ಗಳ ಅಡಾಪ್ಟರ್ 12 ವೋಲ್ಟಿನದಾಗಿದ್ದು, ಒಳಗಿನ ಪರಿವರ್ತಕ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಅಂತಹವುಗಳನ್ನು ಹೋಲಿಸುವಾಗ ಆಂಪಿಯರ್ ನೋಡದೆ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ವ್ಯಾಟ್ ನೋಡಬೇಕು. 12 ವೋಲ್ಟ್, 2 ಆಂಪಿಯರ್ ಎಂದರೆ 24 ವ್ಯಾಟ್. 5 ವೋಲ್ಟ್, 4 ಆಂಪಿಯರ್ ಎಂದರೆ 20 ವ್ಯಾಟ್. ಪರಿವರ್ತನೆಯಲ್ಲಿ ಸ್ವಲ್ಪ ಭಾಗ ಶಾಖವಾಗಿ ಹೋಗುತ್ತದೆಂಬುದೂ ನೆನಪಿರಲಿ.

ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತು, ಐಎಸ್ 13252 ಎಂಬ ಮಾನಕ ಸಂಖ್ಯೆ ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿ ಯಾರ ಹೆಸರಿನಲ್ಲಿದೆಯೆಂಬುದು ತಿಳಿಯುತ್ತದೆ. ಹಬ್‌ನಿಂದ ಕಂಪ್ಯೂಟರಿಗೆ ಹೋಗುವ ಕೇಬಲ್ ಬೇರ್ಪಡುವಂತಿದ್ದರೆ ಒಳ್ಳೆಯದು, ಏಕೆಂದರೆ ಮೊದಲು ಹಾಳಾಗುವುದು ಬಹಳ ಸಲ ಅದೇ. ‘ಚಾರ್ಜಿಂಗ್’ ಎಂದು ಗುರುತು ಮಾಡಿದ ಪೋರ್ಟ್‌ಗಳಲ್ಲಿ ಕೆಲವೊಮ್ಮೆ ಡೇಟಾ ಸಂಪರ್ಕವೇ ಇರುವುದಿಲ್ಲ. ಏಳು ಪೋರ್ಟ್ ಎಂದು ಕೊಂಡು ತಂದದ್ದರಲ್ಲಿ ಕೆಲಸಕ್ಕೆ ಬರುವುದು ನಾಲ್ಕೇ ಆಗಿರದಂತೆ ಎಚ್ಚರವಹಿಸಿ.

ಹಿಮ್ಮುಖ ವಿದ್ಯುತ್ತಿನ ಪರೀಕ್ಷೆ

ಅಗ್ಗದ ಹಬ್‌ಗಳಲ್ಲಿ ಒಂದು ದೊಡ್ಡ ದೋಷವಿರುತ್ತದೆ. ಅಡಾಪ್ಟರ್‌ನ 5 ವೋಲ್ಟ್ ಸಾಧನಗಳ ಕಡೆಗೆ ಮಾತ್ರ ಹೋಗದೆ, ಕಂಪ್ಯೂಟರಿಗೆ ಹೋಗುವ ಕೇಬಲ್ ಮೂಲಕ ಹಿಂದಕ್ಕೂ ಹರಿಯುತ್ತದೆ. ಇದರಿಂದ ಕಂಪ್ಯೂಟರ್ ಪೂರ್ತಿ ಬಂದ್ ಆಗದಿರುವುದು, ಮರಳಿ ಚಾಲೂ ಮಾಡಿದಾಗ ಸರಿಯಾಗಿ ಏಳದಿರುವುದು, ಕೆಲವೊಮ್ಮೆ ಮದರ್‌ಬೋರ್ಡ್‌ನ ಪೋರ್ಟ್ ಕೆಡುವುದೂ ಸಾಧ್ಯ. ಆದ್ದರಿಂದ ಹೊಸ ಹಬ್ಬನ್ನು ಕಂಪ್ಯೂಟರಿಗೆ ಜೋಡಿಸುವ ಮೊದಲೇ ಪರೀಕ್ಷಿಸಿ.

ಹಬ್‌ನ ಅಡಾಪ್ಟರನ್ನು ಚಾಲೂ ಮಾಡಿ, ಕಂಪ್ಯೂಟರಿಗೆ ಹೋಗಬೇಕಾದ ಕೇಬಲ್ಲನ್ನು ಹಬ್‌ಗೆ ಮಾತ್ರ ಸಿಕ್ಕಿಸಿ ಇನ್ನೊಂದು ತುದಿಯನ್ನು ಹೊರಗಿಡಿ. ಆ ತುದಿಯ ಟೈಪ್-ಎ ಪ್ಲಗ್‌ನೊಳಗೆ ಮುಂದಿನ ಸಾಲಿನಲ್ಲಿ ಕಾಣುವ ನಾಲ್ಕು ಲೋಹದ ಪಟ್ಟಿಗಳಲ್ಲಿ ಎರಡು ಬದಿಯ ತುದಿಪಟ್ಟಿಗಳು ವಿದ್ಯುತ್ತಿನವು. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿ ಸ್ಥಾನಕ್ಕೆ ತಿರುಗಿಸಿ, ಎರಡು ಕಡ್ಡಿಗಳು ಒಂದಕ್ಕೊಂದು ತಗಲದಂತೆ ಆ ಎರಡು ಪಟ್ಟಿಗಳಿಗೆ ತಾಗಿಸಿ. ಮೀಟರಿನ ಅಂಕಿ ಸೊನ್ನೆಯ ಆಸುಪಾಸಿನಲ್ಲಿದ್ದರೆ ಹಬ್ ಸರಿಯಿದೆ. 5 ವೋಲ್ಟ್‌ನಷ್ಟು ತೋರಿಸಿದರೆ ಅದನ್ನು ಹಿಂದಿರುಗಿಸಿ ಬೇರೆಯದನ್ನು ತನ್ನಿ. ಮೀಟರ್ ಇಲ್ಲದವರು ಯಾವುದೇ ರೇಡಿಯೋ-ಟಿವಿ ದುರಸ್ತಿ ಅಂಗಡಿಯಲ್ಲಿ ಇದನ್ನು ನಿಮಿಷದಲ್ಲಿ ಮಾಡಿಸಿಕೊಳ್ಳಬಹುದು. ಕಂಪ್ಯೂಟರ್ ಬಂದ್ ಆದ ಮೇಲೂ ಮೌಸ್‌ನ ದೀಪ ಉರಿಯುತ್ತಿದೆ ಎಂಬುದಷ್ಟರಿಂದ ಹಬ್ಬನ್ನು ದೂರಬೇಡಿ, ಏಕೆಂದರೆ ಅನೇಕ ಕಂಪ್ಯೂಟರುಗಳೇ ಬಂದ್ ಆದಾಗಲೂ ಪೋರ್ಟ್‌ಗಳಿಗೆ 5 ವೋಲ್ಟ್ ಕೊಡುತ್ತಿರುತ್ತವೆ.

ಅಡಾಪ್ಟರ್ ಎಲ್ಲಿಗೆ ಜೋಡಿಸಬೇಕು

ಶಕ್ತಿನಗರ, ಯರಮರಸ್, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳು ನಮ್ಮ ಜಿಲ್ಲೆಗಳಲ್ಲೇ ಇದ್ದರೂ ಮಳೆಗಾಳಿಯ ಸಂಜೆ ಕರೆಂಟ್ ಹೋಗುವುದು ತಪ್ಪಿಲ್ಲ. ಈ ಕಾರಣದಿಂದ ಕಂಪ್ಯೂಟರಿಗೆ ಯುಪಿಎಸ್ ಇಟ್ಟುಕೊಂಡಿರದ ಕಚೇರಿ ಅಪರೂಪ. ಆದರೆ ಹಬ್ ಕೊಂಡವರು ಅದರ ಅಡಾಪ್ಟರನ್ನು ಜಾಗ ಸಿಕ್ಕ ಗೋಡೆಯ ಪ್ಲಗ್‌ಗೆ ಹಾಕುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಆಗ ಏನಾಗುತ್ತದೆಂಬುದನ್ನು ಗಮನಿಸಿ: ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಲೇ ಇರುತ್ತದೆ, ಹಬ್ ಮಾತ್ರ ಸಾಯುತ್ತದೆ. ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕ್‌ಗೆ ಫೈಲ್ ನಕಲಾಗುತ್ತಿದ್ದರೆ ಬರಹ ಅರ್ಧಕ್ಕೆ ನಿಂತು, ಆ ಒಂದು ಫೈಲ್ ಮಾತ್ರವಲ್ಲದೆ ಡಿಸ್ಕಿನ ಕಡತ ವ್ಯವಸ್ಥೆಯೇ ಕೆಡಬಹುದು. ವರ್ಷಗಳ ಲೆಕ್ಕಪತ್ರದ ಬ್ಯಾಕಪ್ ಇರುವ ಡಿಸ್ಕ್ ಅದಾಗಿದ್ದರೆ ನಷ್ಟವನ್ನು ಹೇಳಬೇಕಾಗಿಲ್ಲ. ಲ್ಯಾಪ್‌ಟಾಪ್ ಬಳಸುವವರಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಪರದೆ ಒಂದು ಮಿಣುಕೂ ತೋರಿಸದೆ ಬ್ಯಾಟರಿಗೆ ಬದಲಾಗುವುದರಿಂದ ಕರೆಂಟ್ ಹೋದದ್ದೇ ಗಮನಕ್ಕೆ ಬರದಿರಬಹುದು.

ಅಡಾಪ್ಟರ್ ಸತ್ತಾಗ ಕೆಲವು ಹಬ್‌ಗಳು ಕಂಪ್ಯೂಟರಿನಿಂದಲೇ ವಿದ್ಯುತ್ ಎಳೆದು ನಡೆಯಲು ಯತ್ನಿಸುತ್ತವೆ. ಇದು ಅನುಕೂಲವೆಂದು ತೋರಿದರೂ ಮೋಸದ್ದು. 3 ಆಂಪಿಯರ್ ಬೇಕಾದ ಸಾಧನಗಳ ಗುಂಪು ಆಗ 500 ಅಥವಾ 900 ಮಿಲಿ ಆಂಪಿಯರ್‌ನಲ್ಲಿ ಬದುಕಬೇಕಾಗುತ್ತದೆ. ಮೌಸ್ ನಡೆಯುತ್ತಿರುತ್ತದೆ, ಡಿಸ್ಕ್ ನಿಂತು ನಿಂತು ತಿರುಗುತ್ತದೆ, ದೋಷ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ನಿಮ್ಮ ಹಬ್ ಯಾವ ಬಗೆಯದೆಂದು ತಿಳಿಯಲು, ಕೀಬೋರ್ಡ್ ಮತ್ತು ಮೌಸ್ ಮಾತ್ರ ಜೋಡಿಸಿರುವಾಗ ಅಡಾಪ್ಟರ್ ಕಿತ್ತು ನೋಡಿ. ಅದೇ ಪರೀಕ್ಷೆಯಲ್ಲಿ, ಅಡಾಪ್ಟರ್ ಮರಳಿ ಹಾಕಿದಾಗ ಗುಂಡಿಗಳು ಯಾವ ಸ್ಥಿತಿಗೆ ಬರುತ್ತವೆಂಬುದನ್ನೂ ಗುರುತು ಹಾಕಿಕೊಳ್ಳಿ.

ಆದ್ದರಿಂದ ಹಬ್‌ನ ಅಡಾಪ್ಟರ್ ಕಂಪ್ಯೂಟರ್ ಜೋಡಿಸಿರುವ ಅದೇ ಯುಪಿಎಸ್‌ಗೆ ಹೋಗಬೇಕು. 20 ವ್ಯಾಟ್‌ನ ಅಡಾಪ್ಟರ್ ಸಾಮಾನ್ಯ 600 ವಿಎ ಯುಪಿಎಸ್‌ಗೆ ಹೊರೆಯೇನೂ ಅಲ್ಲ. ಕೆಲವು ಯುಪಿಎಸ್‌ಗಳ ಹಿಂದೆ ಬ್ಯಾಟರಿ ಬೆಂಬಲವಿಲ್ಲದ, ಏರಿಳಿತ ತಡೆಯುವಷ್ಟಕ್ಕೇ ಸೀಮಿತವಾದ ಸಾಕೆಟ್ ಒಂದಿರುತ್ತದೆ, ಅದನ್ನು ಬಿಟ್ಟು ಉಳಿದವನ್ನು ಬಳಸಿ. ಯುಪಿಎಸ್ ಇಲ್ಲದೆ ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಅದರ ಹಿಂಭಾಗದ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಬೇಕು, ಏಕೆಂದರೆ ಸಾಮಾನ್ಯ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಲ್ಯಾಪ್‌ಟಾಪ್ ಇರುವವರು ಹಬ್‌ಗಾಗಿಯಾದರೂ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು.

ಜೋಡಿಸುವ ಕ್ರಮ

ಮೊದಲು ಎಲ್ಲ ಗುಂಡಿಗಳನ್ನೂ ಬಂದ್ ಸ್ಥಿತಿಯಲ್ಲಿಡಿ. ಅಡಾಪ್ಟರನ್ನು ಹಬ್‌ಗೆ ಸಿಕ್ಕಿಸಿ ಚಾಲೂ ಮಾಡಿ, ನಂತರ ಹಬ್ಬನ್ನು ಕಂಪ್ಯೂಟರಿಗೆ ಜೋಡಿಸಿ. ನೀಲಿ ಪೋರ್ಟ್ ಇದ್ದರೆ ಅದನ್ನೇ ಆರಿಸಿ, ಏಕೆಂದರೆ ಹಬ್‌ನ ಎಲ್ಲ ಸಾಧನಗಳ ಡೇಟಾ ಈ ಒಂದೇ ತಂತಿಯಲ್ಲಿ ಹೋಗಬೇಕು: ಯುಎಸ್‌ಬಿ 2.0ರಲ್ಲಿ ಅದರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರಲ್ಲಿ 5 ಗಿಗಾಬಿಟ್. ಒಂದು ಹಬ್‌ಗೆ ಇನ್ನೊಂದು ಹಬ್ ಕಟ್ಟುವುದನ್ನು ತಪ್ಪಿಸಿ.

ಇನ್ನು ಸಾಧನಗಳನ್ನು ಒಂದೊಂದಾಗಿ ಸಿಕ್ಕಿಸಿ, ಗುಂಡಿ ಒತ್ತಿ, ಕಂಪ್ಯೂಟರ್ ಅದನ್ನು ಗುರುತಿಸಿದ ಮೇಲೆ ಮುಂದಿನದಕ್ಕೆ ಹೋಗಿ. ಹಾರ್ಡ್ ಡಿಸ್ಕ್ ತಿರುಗಲು ಆರಂಭಿಸುವ ಕೆಲವು ಸೆಕೆಂಡುಗಳಲ್ಲಿ ತನ್ನ ಸಾಮಾನ್ಯ ಬಳಕೆಗಿಂತ ಹೆಚ್ಚು ಎಳೆಯುತ್ತದೆ, ಆದ್ದರಿಂದ ಅದೊಂದನ್ನೇ ಮೊದಲು ಚಾಲೂ ಮಾಡಿ. ಕೀಬೋರ್ಡ್ ಮತ್ತು ಮೌಸನ್ನು ಸಾಧ್ಯವಾದರೆ ಹಬ್‌ಗೆ ಹಾಕದೆ ನೇರವಾಗಿ ಕಂಪ್ಯೂಟರಿಗೇ ಜೋಡಿಸಿ. ಹಬ್‌ನಲ್ಲಿ ಏನೇ ಆದರೂ ಕೈಗೆ ಅವೆರಡು ಸಿಗುತ್ತವೆ. ತಂತಿಯಿಲ್ಲದ ಮೌಸ್‌ನ ಪುಟ್ಟ ಡಾಂಗಲನ್ನು ನೀಲಿ ಪೋರ್ಟ್‌ನ ಪಕ್ಕದಲ್ಲಿಡಬೇಡಿ. ಯುಎಸ್‌ಬಿ 3.0ರ ಡೇಟಾ ಹರಿವು 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡಿ ಮಾಡುತ್ತದೆಂಬುದು ಇಂಟೆಲ್ 2012ರಲ್ಲೇ ವಿವರಿಸಿರುವ ಸಂಗತಿ. ಡಿಸ್ಕ್‌ಗೆ ಫೈಲ್ ಹೋಗುತ್ತಿರುವಾಗ ಮೌಸ್ ತಡವರಿಸಲು ಕಾರಣ ಬಹುತೇಕ ಇದೇ.

ಪ್ರತಿ ಗುಂಡಿಯ ಬಳಿ ಸಾಧನದ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಒಮ್ಮೆ ಗೊತ್ತುಮಾಡಿದ ಪೋರ್ಟನ್ನು ಬದಲಿಸಬೇಡಿ. ಸ್ವಂತ ಕ್ರಮಸಂಖ್ಯೆ ಹೇಳದ ಸಾಧನವನ್ನು ಬೇರೆ ಪೋರ್ಟ್‌ಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಸಾಧನವೆಂದೇ ತಿಳಿದು ಡ್ರೈವರನ್ನು ಮತ್ತೆ ಸ್ಥಾಪಿಸಲು ಹೊರಡುತ್ತದೆ. ಕೊನೆಯದಾಗಿ, ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಸುಮ್ಮನಿರುವ ಸಾಧನವನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ನಿಲ್ಲಿಸಬಹುದೆಂಬ ಗುರುತನ್ನೂ ತೆಗೆಯಿರಿ. ಬೆರಳಚ್ಚು ಯಂತ್ರ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಸ್ಪಂದಿಸದಿರುವ ತೊಂದರೆ ಎಷ್ಟೋ ಸಲ ಇಷ್ಟರಿಂದಲೇ ನೀಗುತ್ತದೆ.

ದಿನನಿತ್ಯದ ಬಳಕೆ

ಬೆರಳಚ್ಚು ಯಂತ್ರ ಸಿಕ್ಕಿಕೊಂಡಾಗ, ನಡೆಯುತ್ತಿರುವ ದೃಢೀಕರಣದ ಪುಟವನ್ನು ರದ್ದು ಮಾಡಿ, ಗುಂಡಿ ಬಂದ್ ಮಾಡಿ, ಹತ್ತು ಸೆಕೆಂಡು ಬಿಟ್ಟು ಚಾಲೂ ಮಾಡಿ. ಒಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳು ಖಾಲಿಯಾಗಲು ಈ ಅವಧಿ ಬೇಕು. ಪಟಪಟನೆ ಒತ್ತಿದರೆ ಸಾಧನ ಪೂರ್ತಿ ಆರದೆ ಅದೇ ಸ್ಥಿತಿಯಲ್ಲಿ ಉಳಿಯಬಹುದು. ಬಳಿಕ ಆರ್‌ಡಿ ಸರ್ವೀಸ್ (ಬೆರಳಚ್ಚು ಯಂತ್ರವನ್ನು ಆಧಾರ್ ದೃಢೀಕರಣಕ್ಕೆ ಬೆಸೆಯುವ ತಂತ್ರಾಂಶ) ಸಿದ್ಧವೆಂಬ ಸೂಚನೆ ಬಂದ ಮೇಲಷ್ಟೇ ಗ್ರಾಹಕರ ಬೆರಳು ಇಡಿಸಿ. ಪಡಿತರಕ್ಕೋ ಪಿಂಚಣಿಗೋ ಬಂದ ಹಿರಿಯರನ್ನು ಪದೇ ಪದೇ ಬೆರಳು ಒತ್ತಿಸಿ ದಣಿಸುವ ಬದಲು, ಎರಡು ಬಾರಿ ವಿಫಲವಾದ ಕೂಡಲೇ ಈ ಕ್ರಮ ಅನುಸರಿಸುವುದು ಅವರಿಗೂ ಹಿತ.

ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್ ವಿಷಯದಲ್ಲಿ ಸುರಕ್ಷಿತವಾಗಿ ಹೊರತೆಗೆಯುವ ಆಯ್ಕೆಯನ್ನು ಮೊದಲು ಒತ್ತಿ, ಅನುಮತಿ ಬಂದು ಡಿಸ್ಕಿನ ದೀಪ ಮಿನುಗುವುದು ನಿಂತ ಬಳಿಕ ಗುಂಡಿ ಒತ್ತಬೇಕು. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಹೊರಗಿನ ಡಿಸ್ಕ್‌ಗಳಿಗೆ ಶೀಘ್ರ ತೆಗೆಯುವಿಕೆಯ ವಿಧಾನವೇ ಪೂರ್ವನಿಯೋಜಿತವಾಗಿದೆ, ನಿಜ. ಆದರೂ ಬರಹ ನಡೆಯುತ್ತಿರುವ ಕ್ಷಣದಲ್ಲಿ ವಿದ್ಯುತ್ ಕಡಿದರೆ ಆ ವಿಧಾನವೂ ಕಾಪಾಡಲಾರದು. ಬ್ಯಾಕಪ್ ಮುಗಿದ ಮೇಲೆ ಡಿಸ್ಕಿನ ಪೋರ್ಟನ್ನು ಬಂದ್ ಇಡುವುದರಿಂದ ಇನ್ನೊಂದು ಲಾಭವಿದೆ: ಕಂಪ್ಯೂಟರಿಗೆ ಫೈಲುಗಳನ್ನು ಬೀಗ ಹಾಕುವ ರಾನ್ಸಮ್‌ವೇರ್ ತಗುಲಿದರೂ ವಿದ್ಯುತ್ತಿಲ್ಲದ ಡಿಸ್ಕನ್ನು ಅದು ಮುಟ್ಟಲಾರದು.

ಡಿಜಿಟಲ್ ಸಹಿ ಟೋಕನ್‌ಗಳ ವಿಷಯದಲ್ಲಿ ಸ್ವಿಚ್ಚಿನ ಬೆಲೆ ಚೆನ್ನಾಗಿ ತಿಳಿಯುತ್ತದೆ. ಗುತ್ತಿಗೆದಾರರ ಟೆಂಡರಿಗೆ, ಕಂಪನಿಗಳ ಜಿಎಸ್‌ಟಿ ಸಲ್ಲಿಕೆಗೆ ಮೂರು ನಾಲ್ಕು ಟೋಕನ್‌ಗಳು ಒಟ್ಟಿಗೆ ಚಾಲೂ ಇದ್ದರೆ ಸಹಿಯ ಕಿಟಕಿಯಲ್ಲಿ ಹಲವು ಹೆಸರುಗಳು ಬರುತ್ತವೆ. ಒಬ್ಬರ ಟೋಕನ್‌ಗೆ ಇನ್ನೊಬ್ಬರ ಪಿನ್ ಒತ್ತಿ, ನಿಗದಿತ ಮಿತಿ ಮೀರಿದರೆ ಟೋಕನ್ ಬೀಗವಾಗುತ್ತದೆ. ಆದ್ದರಿಂದ ಒಂದು ಹೊತ್ತಿಗೆ ಒಂದೇ ಟೋಕನ್‌ನ ಗುಂಡಿ ಚಾಲೂ ಇರಲಿ. ಸಹಿ ಮುಗಿದು ಸ್ವೀಕೃತಿ ಬಂದ ಮೇಲೆ ಪೋರ್ಟಲ್‌ನಿಂದ ಲಾಗೌಟ್ ಆಗಿ, ಸಹಿಯ ತಂತ್ರಾಂಶವನ್ನು ಮುಚ್ಚಿ, ಆಮೇಲೆ ಗುಂಡಿ ಬಂದ್ ಮಾಡಿ ಮುಂದಿನದನ್ನು ಒತ್ತಿ. ಸಹಿಯ ಖಾಸಗಿ ಕೀಲಿ ತನ್ನ ಹತೋಟಿಯಲ್ಲಿ ಇರುವಂತೆ ಸಹಿದಾರ ನೋಡಿಕೊಳ್ಳಬೇಕೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 42ನೇ ಕಲಂ ಹೇಳುತ್ತದೆ. ಗುಂಡಿ ಬಂದ್ ಮಾಡಿದ ಟೋಕನ್ ಬೇರೆಯವರ ಕೈಗೆ ಸಿಗುವಂತೆಯೇ ಇರುತ್ತದಾದ್ದರಿಂದ, ಸಂಜೆ ಅವುಗಳನ್ನು ಕಿತ್ತು ಬೀಗದ ಡ್ರಾಯರ್‌ನಲ್ಲಿಡಿ ಅಥವಾ ಒಡೆಯರಿಗೆ ಮರಳಿಸಿ.

ಲಿನಕ್ಸ್ ಬಳಸುವವರು ಗುಂಡಿ ಮುಟ್ಟದೆ ಯುಹಬ್‌ಸಿಟಿಎಲ್ (uhubctl) ಎಂಬ ತಂತ್ರಾಂಶದಿಂದಲೇ ಪೋರ್ಟ್‌ಗಳನ್ನು ಬಂದ್-ಚಾಲೂ ಮಾಡಬಹುದು. ಇದಕ್ಕೆ ಹಬ್‌ನ ಚಿಪ್‌ನಲ್ಲೇ ಪೋರ್ಟ್‌ವಾರು ನಿಯಂತ್ರಣ ಇರಬೇಕು, ಗುಂಡಿಗಳಿರುವ ಎಲ್ಲ ಹಬ್‌ಗಳಲ್ಲೂ ಅದು ಇರುವುದಿಲ್ಲ. ನಿಯಂತ್ರಣವಿದೆಯೆಂದು ಹೇಳಿಕೊಂಡು ವಿದ್ಯುತ್ ಕಡಿಯದ ಹಬ್‌ಗಳೂ ಇವೆ, ಆದ್ದರಿಂದ ಮೊದಲ ಬಾರಿ ಮೀಟರ್‌ನಿಂದ ನೋಡಿಯೇ ನಂಬಿ. ಯುಎಸ್‌ಬಿ 3.0 ಹಬ್ ಈ ತಂತ್ರಾಂಶದ ಪಟ್ಟಿಯಲ್ಲಿ ಎರಡು ಹಬ್‌ಗಳಾಗಿ ಕಾಣುತ್ತದೆ. ಎರಡರಲ್ಲೂ ಬಂದ್ ಮಾಡಿದರಷ್ಟೇ ಪೋರ್ಟ್ ಆರುತ್ತದೆ.

ಬಿಸಿಲು, ಧೂಳು, ಅಡಾಪ್ಟರ್

ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದೇನಲ್ಲ. ಹಬ್ಬನ್ನು ಯುಪಿಎಸ್ ಮೇಲೆ, ಡ್ರಾಯರ್ ಒಳಗೆ, ಕಾಗದಗಳ ಕೆಳಗೆ ಇಡದೆ ಗಾಳಿಯಾಡುವ ಕಡೆ ಇಡಿ. ಮುಟ್ಟಿದರೆ ಬೆಚ್ಚಗಿರುವುದು ಸಹಜ; ಕೈ ಇಡಲಾಗದಷ್ಟು ಕಾದರೆ ಹೊರೆ ಹೆಚ್ಚಾಗಿದೆಯೆಂದು ತಿಳಿದು ಕೆಲವು ಪೋರ್ಟ್‌ಗಳನ್ನು ಬಂದ್ ಮಾಡಿ. ಜಿನ್ನಿಂಗ್ ಕಾರ್ಖಾನೆಯ ಹತ್ತಿಯ ಎಳೆ, ಸಂಡೂರು ಕಡೆಯ ಅದಿರಿನ ಕೆಂಧೂಳು ಖಾಲಿ ಪೋರ್ಟ್‌ನೊಳಗೆ ಕೂರದಂತೆ ರಬ್ಬರ್ ಮುಚ್ಚಳ ಹಾಕಿ, ತಿಂಗಳಿಗೊಮ್ಮೆ ಅಡಾಪ್ಟರ್ ಕಿತ್ತು ಒಣ ಕುಂಚದಿಂದ ಗುಡಿಸಿ. ಒದ್ದೆ ಬಟ್ಟೆ ಬೇಡ.

ಸಾಧನಗಳು ಆಗಾಗ ಬಿಟ್ಟು ಹೋಗತೊಡಗಿದರೆ ಎಲ್ಲವನ್ನೂ ಬಂದ್ ಮಾಡಿ ಒಂದೊಂದಾಗಿ ಚಾಲೂ ಮಾಡುತ್ತ, ಯಾವುದು ಸೇರಿದಾಗ ತೊಂದರೆ ಶುರುವಾಗುತ್ತದೆಂದು ಗಮನಿಸಿ. ಪೋರ್ಟ್‌ಗೆ ಸಿಕ್ಕಿಸುವ ಚಿಕ್ಕ ಯುಎಸ್‌ಬಿ ಮೀಟರ್ ಇದ್ದರೆ ಕೆಲಸ ಸುಲಭ: ಹೊರೆಯಿರುವಾಗ ಅದರ ಅಂಕಿ 4.75 ವೋಲ್ಟ್‌ಗಿಂತ ಕೆಳಗಿಳಿದರೆ ಅಡಾಪ್ಟರ್ ಸೋತಿದೆ ಅಥವಾ ಹಬ್‌ನ ಒಳಗಿನ ಸಂಪರ್ಕ ಸವೆದಿದೆ. ಅಡಾಪ್ಟರ್ ಬದಲಿಸುವಾಗ ಮಾತ್ರ ಬಹಳ ಎಚ್ಚರ ಬೇಕು. ವೈಫೈ ರೂಟರ್ ಮತ್ತು ಸೆಟ್‌ಟಾಪ್ ಬಾಕ್ಸ್‌ಗಳ 12 ವೋಲ್ಟ್ ಅಡಾಪ್ಟರಿನ ದುಂಡು ಪಿನ್ ಎಷ್ಟೋ 5 ವೋಲ್ಟ್ ಹಬ್‌ಗಳಿಗೂ ಸರಿಯಾಗಿ ಕೂರುತ್ತದೆ. ಹಾಗೆ ಹಾಕಿದರೆ ಹಬ್ ಸುಡುವುದಲ್ಲದೆ ಅದಕ್ಕೆ ಜೋಡಿಸಿದ ಬೆರಳಚ್ಚು ಯಂತ್ರ, ಡಿಸ್ಕ್, ಟೋಕನ್ ಎಲ್ಲವೂ ಹೋಗಬಹುದು. ಹೊಸ ಅಡಾಪ್ಟರಿನ ವೋಲ್ಟ್ ಹಳೆಯದಕ್ಕೆ ಸರಿಸಮವಾಗಿರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಮಧ್ಯಭಾಗ ಧನವೋ ಋಣವೋ ಎಂಬ ಚಿಹ್ನೆ ಹೊಂದಬೇಕು. ಹಬ್‌ನ ತಳಕ್ಕೂ ಅಡಾಪ್ಟರಿಗೂ ಒಂದೇ ಬಣ್ಣದ ಟೇಪ್ ಸುತ್ತಿ, ಅದರ ಮೇಲೆ ವೋಲ್ಟ್ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಡಿ.